ಹರಾಜಾದ ವಸ್ತು, ಅಳಿಯದ ಮಮಕಾರ

ಫ್ರಾನ್ಸಿನ ಕ್ರಾಂತಿಕಾರಿ ಸರ್ಕಾರವು 1793ರ ಆಗಸ್ಟ್‌ನಿಂದ ಸುಮಾರು ಒಂದು ವರ್ಷ ವರ್ಸೈ ಅರಮನೆಯ ಪೀಠೋಪಕರಣಗಳನ್ನು ಹರಾಜು ಹಾಕಿದಾಗ, ರಾಜನ ಒಡೆತನದಲ್ಲಿದ್ದ 17,000ಕ್ಕೂ ಹೆಚ್ಚು ಬಾಬುಗಳು ಹೆಚ್ಚು ಬೆಲೆ ಕೂಗಿದವರ ಪಾಲಾದವು. ಬಣ್ಣದ ಹೊಕ್ಕೆಳೆಗಳಿಂದಲೇ ಚಿತ್ರ ಮೂಡುವಂತೆ ನೆಯ್ದ ಗೋಡೆವಸ್ತ್ರಗಳಾದ ಟ್ಯಾಪೆಸ್ಟ್ರಿಗಳಲ್ಲಿ ಹಲವನ್ನು 1797ರಲ್ಲಿ ಚಿನ್ನ-ಬೆಳ್ಳಿಯ ಎಳೆಗಳಿಗಾಗಿ ಸುಡಲಾಯಿತು. ಲೋಹ ಕೈಸೇರಿತಾದರೂ ನೇಕಾರರ ವರ್ಷಗಟ್ಟಲೆಯ ದುಡಿಮೆ ಬೂದಿಯಾಯಿತು.

ಹಾಗಾದರೆ ಒಡೆತನವೆಂದರೇನು? ಜೈನರ ತತ್ತ್ವಾರ್ಥಸೂತ್ರವು ಪರಿಗ್ರಹವನ್ನು, ಅಂದರೆ ಸಂಗ್ರಹದ ದೋಷವನ್ನು, ಮೂರ್ಛೆಯೆಂದು, ಎಂದರೆ ‘ನನ್ನದು’ ಎಂಬ ಮೋಹವೆಂದು ನಿರೂಪಿಸುತ್ತದೆ. ಈ ದೃಷ್ಟಿಯಲ್ಲಿ ಹರಾಜು ಒಡೆಯನನ್ನು ಬದಲಿಸಬಲ್ಲದೇ ಹೊರತು ಮಮಕಾರವನ್ನು ಕಳೆಯಲಾರದು. ಕೊಂಡವನು ತನ್ನನ್ನು ಮುಂದಿನ ತಲೆಮಾರಿನ ಪರವಾಗಿ ಕಾಯುವವನೆಂದು ತಿಳಿದಾಗ ಮಾತ್ರ ವಸ್ತುವೂ ಉಳಿಯುತ್ತದೆ, ಮನಸ್ಸೂ ಹಗುರಾಗುತ್ತದೆ.