ಅಮ್ಮಿಯ ಪೆಟ್ಟಿಗೆ ತೆರೆಯುವ ಮುನ್ನ

ಬೆಂಗಳೂರಿನ ನಂದಿನಿ ಲೇಔಟ್ ಕಡೆ ಹೋದವರು ರಿಂಗ್ ರಸ್ತೆಯ ಕಂಠೀರವ ಸ್ಟುಡಿಯೋದ ಮುಂದೆ ಜನ ನಿಂತಿರುವುದನ್ನು ಕಂಡಿರಬಹುದು. 2006ರಲ್ಲಿ ಡಾ. ರಾಜ್‌ಕುಮಾರ್‌ರವರನ್ನು ಮಣ್ಣು ಮಾಡಿದ್ದು ಅಲ್ಲಿಯೇ. 2017ರ ಮೇ 31ರಂದು ನಿಧನರಾದ ಅವರ ಪತ್ನಿ ಪಾರ್ವತಮ್ಮನವರಿಗೂ ಅವರ ಪಕ್ಕದಲ್ಲೇ ಜಾಗ ದೊರೆಯಿತು. ಒಬ್ಬ ಪತ್ನಿಯಾಗಿ, ತಾಯಿಯಾಗಿ, ಅಜ್ಜಿಯಾಗಿ 77 ವರ್ಷ ಬಾಳಿದ ಆ ಮಹಿಳೆಯನ್ನು ನೆನೆದು ಜನರು ಇಂದಿಗೂ ಬರುತ್ತಾರೆ. ಶ್ರದ್ಧಾಂಜಲಿಯ ರೀತಿ ಅವರವರದು. ನೆರೆಯವರ ದುಃಖವನ್ನು ಗೌರವಿಸುವುದು ನಮ್ಮ ಕರ್ತವ್ಯ. ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಸಮಾಧಿಯಲ್ಲ, ಮೈಸೂರಿನ ಶಕ್ತಿಧಾಮ. ನೊಂದ ಮಹಿಳೆಯರಿಗೂ ಹೆಣ್ಣುಮಕ್ಕಳಿಗೂ ಆಸರೆಯಾದ ಆ ಸಂಸ್ಥೆಗಾಗಿ ಪಾರ್ವತಮ್ಮನವರು ದುಡಿದಿದ್ದರು. ಅವರ ನಂತರ ಸೊಸೆ ಗೀತಾ ಶಿವರಾಜ್‌ಕುಮಾರ್ ಅದರ ಹೊಣೆ ಹೊತ್ತರು. ಅತ್ತೆಯ ಕೆಲಸವನ್ನು ಸೊಸೆ ಕೆಳಗಿಡಲಿಲ್ಲ.

ಪ್ರಿಯ ಓದುಗರೇ, ಈಗ ನಮ್ಮ ಮನೆಗಳ ಕಡೆಗೆ ಬರೋಣ. ಅಮ್ಮಿ ತೀರಿಕೊಂಡರು. ಗುಸ್ಲ್ ಆಯಿತು, ಕಫನ್ ಆಯಿತು, ಜನಾಝಾ ನಮಾಝಿನ ಬಳಿಕ ಖಬರಸ್ತಾನಕ್ಕೆ ಒಯ್ದು ಮೂರು ಹಿಡಿ ಮಣ್ಣು ಹಾಕಿ ಬಂದೆವು. ಅತ್ತೆವು. ಅಳುವುದರಲ್ಲಿ ತಪ್ಪಿಲ್ಲ, ತಮ್ಮ ಮಗು ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿವರ್ಯರ(ಸ) ಕಣ್ಣುಗಳೂ ತುಂಬಿ ಬಂದಿದ್ದವು. ಅನಂತರ? ನಲವತ್ತನೆಯ ದಿನಕ್ಕೆಂದು ಸಾಲ ಮಾಡಿ ಬಿರಿಯಾನಿಯ ದೇಗ್ ಏರಿಸುವ ಮನೆಗಳಿವೆ. ಆದರೆ 629ರಲ್ಲಿ ಮುಅ್ತಾ ಯುದ್ಧದಲ್ಲಿ ಹ. ಜಅ್ಫರ್(ರ) ಹುತಾತ್ಮರಾದಾಗ, ಆ ಮನೆಯವರಿಗೆ ಇತರರು ಅಡುಗೆ ಮಾಡಿ ಕೊಡಬೇಕೆಂದು ಪ್ರವಾದಿವರ್ಯರು(ಸ) ಹೇಳಿದ್ದರು. ನಾವು ಅದನ್ನು ತಲೆಕೆಳಗು ಮಾಡಿ, ದುಃಖದಲ್ಲಿರುವವರ ಕೈಯಿಂದಲೇ ಬಡಿಸಿಕೊಂಡು ಉಣ್ಣುತ್ತೇವೆ!

ಪತ್ನಿಯನ್ನು ನೆನೆಯುವುದು ಹೇಗೆಂದು ಅರಿಯಬೇಕಾದರೆ ಹ. ಖದೀಜಾ(ರ)ರ ಮನೆಗೆ ಹೋಗಬೇಕು. ಸುಮಾರು 25 ವರ್ಷಗಳ ದಾಂಪತ್ಯದ ನಂತರ 619ರಲ್ಲಿ ಅವರು ಮಕ್ಕಾದಲ್ಲಿ ನಿಧನರಾದರು. ಮುಂದೆ ಮದೀನಾದಲ್ಲಿ ಮನೆಯಲ್ಲಿ ಆಡು ಕೊಯ್ದಾಗಲೆಲ್ಲ ಪ್ರವಾದಿವರ್ಯರು(ಸ) ಅದರ ಮಾಂಸವನ್ನು ಖದೀಜಾರ ಗೆಳತಿಯರ ಮನೆಗಳಿಗೆ ಕಳುಹಿಸುತ್ತಿದ್ದರು. ಒಮ್ಮೆ ಖದೀಜಾರ ತಂಗಿ ಹಾಲಾ ಬಾಗಿಲಲ್ಲಿ ನಿಂತು ಅನುಮತಿ ಕೇಳಿದಾಗ, ಆ ಧ್ವನಿಯಲ್ಲಿ ಅಕ್ಕನ ಧ್ವನಿ ಕೇಳಿಸಿ ಅವರ ಮನಸ್ಸು ಕಲಕಿತು. ಇದನ್ನೆಲ್ಲ ನಮಗೆ ತಿಳಿಸಿದವರು ಹ. ಆಯಿಷಾ(ರ). ತಾವೆಂದೂ ಒಟ್ಟಿಗೆ ಬಾಳದಿದ್ದ ಖದೀಜಾರ ಬಗ್ಗೆಯೇ ತಮಗೆ ಎಲ್ಲರಿಗಿಂತ ಹೆಚ್ಚು ಅಸೂಯೆ ಇತ್ತೆಂಬುದನ್ನೂ ಅವರು ಮುಚ್ಚಿಡಲಿಲ್ಲ.

ಈ ಹಾಲಾರ ಮಗನೇ ಅಬುಲ್ ಆಸ್. ಅವರಿಗೆ ಖದೀಜಾ(ರ) ತಮ್ಮ ಹಿರಿಯ ಮಗಳು ಝೈನಬ್‌ರನ್ನು ಕೊಟ್ಟು, ಮದುವೆಯಲ್ಲಿ ತಮ್ಮದೊಂದು ಹಾರವನ್ನು ಮಗಳ ಕೊರಳಿಗೆ ಹಾಕಿದ್ದರು. 624ರ ಬದ್ರ್ ಯುದ್ಧದಲ್ಲಿ ಅಬುಲ್ ಆಸ್ ಎದುರು ಪಕ್ಷದಲ್ಲಿದ್ದು ಸೆರೆಯಾದರು. ಮಕ್ಕಾದಲ್ಲಿದ್ದ ಝೈನಬ್ ಪತಿಯ ಬಿಡುಗಡೆಗಾಗಿ ಅದೇ ಹಾರವನ್ನು ಕಳುಹಿಸಿದರು. ಅದನ್ನು ಕಂಡೊಡನೆ ಪ್ರವಾದಿವರ್ಯರ(ಸ) ಹೃದಯ ಕರಗಿತು. ಆದರೂ ಅವರು ಅದನ್ನು ಎತ್ತಿ ಇಟ್ಟುಕೊಳ್ಳಲಿಲ್ಲ, ಹಿಂದಿರುಗಿಸಿರೆಂದು ಆಜ್ಞೆಯನ್ನೂ ಮಾಡಲಿಲ್ಲ. ನಿಮಗೆ ಸರಿಯೆನಿಸಿದರೆ ಆಕೆಯ ಸೆರೆಯಾಳನ್ನು ಬಿಟ್ಟು ಹಾರವನ್ನೂ ಮರಳಿಸಬಹುದು ಎಂದು ಸಂಗಾತಿಗಳನ್ನು ಕೇಳಿದರು. ಏಕೆಂದರೆ ಆ ಬಿಡುಗಡೆ ಹಣದಲ್ಲಿ ಅವರೆಲ್ಲರ ಹಕ್ಕಿತ್ತು. ಪ್ರೀತಿಯ ಪತ್ನಿಯ ಹಾರವನ್ನು ಕಣ್ಣೆದುರು ಇಟ್ಟುಕೊಂಡೂ ಅವರು ಇತರರ ಹಕ್ಕನ್ನು ಮರೆಯಲಿಲ್ಲ.

ಈಗ ನಿಮ್ಮ ಅಮ್ಮಿಯ ಪೆಟ್ಟಿಗೆಯನ್ನು ನೆನೆದುಕೊಳ್ಳಿ. ಅದರಲ್ಲಿ ನಾಲ್ಕು ಬಳೆ, ಒಂದು ಸರ, ಸೀರೆಯ ಮಡಿಕೆಯಲ್ಲಿ ಸ್ವಲ್ಪ ಹಣ. 'ಅಮ್ಮಿಯ ನೆನಪಿಗೆ ಇರಲಿ' ಎಂದು ಹಿರಿಯ ಮಗ ತೆಗೆದಿಡುತ್ತಾನೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಬಾಯಿ ಬಿಟ್ಟು ಕೇಳುವುದಿಲ್ಲ, ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಭಯ. ಈ ಮೌನವನ್ನೇ ನಾವು ಸಮ್ಮತಿ ಎಂದು ಬಗೆಯುತ್ತೇವೆ. ಆದರೆ ಕುರ್‌ಆನಿನ ಅನ್ನಿಸಾ ಅಧ್ಯಾಯವು, ಬಿಟ್ಟುಹೋದ ಸೊತ್ತು ಅಲ್ಪವಿರಲಿ, ಅಧಿಕವಿರಲಿ ಅದರಲ್ಲಿ ಸ್ತ್ರೀಯರಿಗೂ ಪಾಲಿದೆಯೆಂದು ಸಾರಿದೆ. ಮೃತಳ ಸಾಲವನ್ನೂ, ಮೂರನೆಯ ಒಂದರ ಮಿತಿಯೊಳಗಿನ ವಸಿಯ್ಯತ್ತನ್ನೂ ಸಲ್ಲಿಸಿದ ಬಳಿಕ, ಮಕ್ಕಳಿದ್ದರೆ ಪತಿಗೆ ನಾಲ್ಕನೆಯ ಒಂದು ಪಾಲು. ಆಕೆಯ ತಂದೆತಾಯಿ ಜೀವಂತವಿದ್ದರೆ ಅವರಿಗೆ ತಲಾ ಆರನೆಯ ಒಂದು. ಉಳಿದದ್ದು ಮಗನಿಗೆ ಎರಡು, ಮಗಳಿಗೆ ಒಂದರಂತೆ. ಬಳೆಗೂ ಇದೇ ಲೆಕ್ಕ.

ಇನ್ನೊಂದು ಮಾತು, ಅಬ್ಬಾಜಾನರಿಗೆ. ನಲವತ್ತು ವರ್ಷದ ಹಿಂದೆ ನಿಕಾಹ್‌ನಲ್ಲಿ ಒಪ್ಪಿಕೊಂಡ ಮಹ್ರ್ ಕೊಟ್ಟಿದ್ದೀರಾ? ಕೊಟ್ಟಿಲ್ಲವಾದರೆ ಅದು ಆಕೆಯೊಂದಿಗೆ ಮಣ್ಣಾಗಲಿಲ್ಲ. ಈಗ ಅದು ಆಕೆಯ ಸೊತ್ತಿಗೆ ಸೇರಬೇಕಾದ ನಿಮ್ಮ ಸಾಲ, ಅದರಲ್ಲಿ ವಾರಸುದಾರರೆಲ್ಲರಿಗೂ ಪಾಲಿದೆ.

ಹ. ಸಅ್ದ್ ಬಿನ್ ಉಬಾದಾ(ರ) ತಾವು ಊರಲ್ಲಿಲ್ಲದಾಗ ತಾಯಿ ತೀರಿಕೊಂಡರೆಂದು ನೊಂದು, ತಾನು ದಾನ ಮಾಡಿದರೆ ತಾಯಿಗೆ ಪ್ರಯೋಜನವಾದೀತೇ ಎಂದು ಕೇಳಿದರು. ಹೌದೆಂಬ ಉತ್ತರ ಸಿಕ್ಕಿದೊಡನೆ ತಮ್ಮ ತೋಟವನ್ನೇ ದಾನ ಮಾಡಿದರು. ನಮ್ಮಲ್ಲಿ ತೋಟವಿಲ್ಲದಿರಬಹುದು. ಅಮ್ಮಿ ಪ್ರತಿ ತಿಂಗಳು ಸದ್ದಿಲ್ಲದೆ ಅಕ್ಕಿ ಕೊಡುತ್ತಿದ್ದ ವಿಧವೆ ಯಾರು, ಯಾವ ಮಗುವಿನ ಶಾಲೆಯ ಫೀಸು ಕಟ್ಟುತ್ತಿದ್ದರು, ಸಂಜೆ ಯಾರ ಜೊತೆ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದರು ಎಂದು ವಿಚಾರಿಸಿ ನೋಡಿ. ಬಹುಶಃ ಸೊಸೆಗೆ ಗೊತ್ತಿರುತ್ತದೆ, ಗಂಡುಮಕ್ಕಳಿಗೆ ಗೊತ್ತಿರುವುದಿಲ್ಲ.

ಮೊಮ್ಮಕ್ಕಳನ್ನು ನಾವು ಈ ಲೆಕ್ಕದಲ್ಲಿ ಸೇರಿಸುವುದೇ ಇಲ್ಲ. ಅಜ್ಜಿಯ ಹಾಸಿಗೆ ಖಾಲಿಯಾದುದನ್ನು ಮೊದಲು ಕಾಣುವವರು ಅವರೇ. ಝೈನಬ್‌ರಿಗೆ ಉಮಾಮಾ ಎಂಬ ಪುಟ್ಟ ಮಗಳಿದ್ದಳು, ಖದೀಜಾರ ಮೊಮ್ಮಗಳು. ಮದೀನಾದಲ್ಲಿ ಆ ಮಗುವಿಗೆ ಅಜ್ಜಿಯ ಮಡಿಲಿರಲಿಲ್ಲ. ಪ್ರವಾದಿವರ್ಯರು(ಸ) ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡೇ ಜನರಿಗೆ ನಮಾಝ್ ಮಾಡಿಸಿದ್ದನ್ನು ಕಂಡವರಿದ್ದಾರೆ. ಸುಜೂದ್‌ಗೆ ಹೋಗುವಾಗ ಕೆಳಗಿಳಿಸುತ್ತಿದ್ದರು, ಎದ್ದು ನಿಂತಾಗ ಮತ್ತೆ ಎತ್ತಿಕೊಳ್ಳುತ್ತಿದ್ದರು.