ಎಂಟನೇ ಇಯತ್ತೆಯ ದ್ರೋಣ

ನಮ್ಮಲ್ಲಿ ಹೈಸ್ಕೂಲು ಶುರುವಾಗುವುದು ಎಂಟನೇ ಇಯತ್ತೆಯಿಂದ. ಶಾಲೆ ತೆರೆದು ನಾಲ್ಕಾರು ವಾರ ಕಳೆಯುವಷ್ಟರಲ್ಲಿ ಪಂದ್ಯಗಳ ದಿನ ಹತ್ತಿರ ಬರುತ್ತದೆ. ಹುಬ್ಬಳ್ಳಿಯ ಜಿಟಿಜಿಟಿ ಮಳೆ, ಕಾಲಿಗೆ ಮೆತ್ತಿಕೊಳ್ಳುವ ಎರೆಮಣ್ಣು. ಅದರಲ್ಲೇ ಪಿ.ಟಿ. ಮಾಸ್ತರ ಸೀಟಿ ಊದಿ ಹೊಸ ಹುಡುಗರನ್ನು ಸಾಲಾಗಿ ನಿಲ್ಲಿಸುತ್ತಾನೆ. ಕಬಡ್ಡಿ ತಂಡಕ್ಕೆ ಬೇಕಾದವರು 12 ಮಂದಿ, ಅಂಕಣಕ್ಕೆ ಇಳಿಯುವವರು 7. ಸಾಲಿನಲ್ಲಿ ನಿಂತವರು 60. ಮಾಸ್ತರ ಭುಜ ನೋಡುತ್ತಾನೆ, ಮೀನಖಂಡ ನೋಡುತ್ತಾನೆ, "ನೀ ಬಾ, ನೀ ಬಾ, ನೀ ಇರ್ಲಿ" ಎನ್ನುತ್ತ ಮುಂದೆ ಹೋಗುತ್ತಾನೆ. ನಿವೃತ್ತನಾಗುವ ತನಕ ವರ್ಷವರ್ಷವೂ ನಾನು ಮಾಡಿದ ಕೆಲಸ ಇದು.

"ಇರ್ಲಿ" ಎಂದು ಕೇಳಿಸಿಕೊಂಡ ಹುಡುಗರು ಸಾಮಾನ್ಯವಾಗಿ ಬೇವಿನ ಗಿಡದ ಕೆಳಗೆ ಹೋಗಿ ಕೂಡುತ್ತಾರೆ. ಒಬ್ಬ ಮಾತ್ರ ಕೂಡಲಿಲ್ಲ. ಸಪೂರ ಹುಡುಗ, ನೂಲ್ವಿ ಕಡೆಯವನು. ನೇರವಾಗಿ ನನ್ನ ಮುಂದೆ ಬಂದು, "ಸರ್, ನಂದೇನ್ ತಪ್ಪೈತ್ರಿ?" ಎಂದ. "ಏನೂ ತಪ್ಪಿಲ್ಲೋ ತಮ್ಮಾ" ಎಂದೆ. ಅವನು ಹೋದ. ಪ್ರಶ್ನೆ ಹೋಗಲಿಲ್ಲ. ತಪ್ಪಿಲ್ಲದವನಿಗೆ ಇಲ್ಲ ಎನ್ನುವುದಕ್ಕೆ, ಮಾಡಿದ್ದೇನೂ ಇಲ್ಲದವನಿಗೆ ಹೌದು ಎನ್ನುವುದಕ್ಕೆ ಯಾವ ನ್ಯಾಯ? ದೇವರ ಮುಂದೆ ಮನುಷ್ಯ ಕೇಳುತ್ತ ಬಂದ ಪ್ರಶ್ನೆಯೂ ಇದೇ. ಆ ದಿನ ದೇವರ ಜಾಗದಲ್ಲಿ ನಿಂತವನ ಕೊರಳಲ್ಲಿ ಸೀಟಿ ಇತ್ತು, ಅಷ್ಟೇ.

ಅಂಥ ಹುಡುಗನ ತಾಯಿಯನ್ನು ಕೇಳಿದರೆ "ಅವನ ಹಣೇಬಾರ್ರಿ" ಅನ್ನುತ್ತಾಳೆ. ಉದ್ದ ಕಾಲು ಪೂರ್ವಜನ್ಮದ ಗಳಿಕೆ, ಸಣಕಲು ಎದೆ ಪೂರ್ವಜನ್ಮದ ಸಾಲ. ಈ ಮಾತನ್ನು ನಾನು ಹಗುರಾಗಿ ಕಾಣುವುದಿಲ್ಲ. ನಮ್ಮ ಹಿರಿಯರು ಎಂಥೆಂಥ ದುಃಖವನ್ನೋ ಅದನ್ನು ಹಿಡಿದುಕೊಂಡು ದಾಟಿದ್ದಾರೆ. ಆದರೆ ಕರ್ಮವೆಂಬುದು ನನ್ನ ಬಗ್ಗೆ ನಾನು ಹೇಳಿಕೊಂಡರೆ ಸಮಾಧಾನ, ಇನ್ನೊಬ್ಬನ ಬಗ್ಗೆ ಹೇಳಿದರೆ ತೀರ್ಪು. ಆಯ್ಕೆ ಮಾಡುವ ಅಧಿಕಾರ ಇದ್ದವನು ಅದನ್ನು ಬಾಯಲ್ಲಿ ಆಡಲೇಬಾರದು. ಆಡಿದರೆ ತನ್ನ ಹೊಣೆಯನ್ನು ಮಗುವಿನ ಹಿಂದಿನ ಜನ್ಮದ ಮೇಲೆ ಹೊರಿಸಿ ಕೈ ತೊಳೆದುಕೊಂಡಂತೆ.

ಅಮೆರಿಕದ ತತ್ತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ನ್ಯಾಯದ ಕುರಿತು ಬರೆದ ಗ್ರಂಥದಲ್ಲಿ ಇನ್ನೊಂದು ಉತ್ತರ ಕೊಟ್ಟ. ಹುಟ್ಟಿನಿಂದ ಬಂದ ಶಕ್ತಿಯನ್ನು ಯಾರೂ ಗಳಿಸಿದ್ದಲ್ಲ, ಅದು ಬರಿಯ ಅದೃಷ್ಟ ಎಂಬುದು ಅವನ ವಾದದ ಒಂದು ತಿರುಳು. ನನ್ನ ಮೈದಾನಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ಒಂದನೇ ತರಗತಿಗೆ ಸೇರಿಸುವಾಗ ವಯಸ್ಸು ಎಣಿಸುವುದು ಜೂನ್ 1ಕ್ಕೆ. ಹೀಗಾಗಿ ಜೂನಿನಲ್ಲಿ ಹುಟ್ಟಿದವನೂ ಮುಂದಿನ ಮೇ ತಿಂಗಳಲ್ಲಿ ಹುಟ್ಟಿದವನೂ ಒಂದೇ ಬೆಂಚಿನಲ್ಲಿ ಕೂಡಬಹುದು. ಇಬ್ಬರ ನಡುವೆ ಹೆಚ್ಚು ಕಡಿಮೆ ಒಂದು ವರ್ಷದ ಅಂತರ. ಹದಿಮೂರರ ಪ್ರಾಯದಲ್ಲಿ ಒಂದು ವರ್ಷ ಎಂದರೆ ಅರ್ಧ ಗೇಣು ಎತ್ತರ. ಕೆನಡಾದ ಐಸ್ ಹಾಕಿ ಆಟಗಾರರ ಜನ್ಮದಿನಗಳನ್ನು ನೋಡಿದ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು, ಮೇಲೇರಿದವರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಎಂದು 1985ರಲ್ಲಿ ತೋರಿಸಿದರು. ಅಲ್ಲಿ ವಯಸ್ಸು ಎಣಿಸುವುದು ಜನವರಿ 1ರಿಂದ. ತುಸು ದೊಡ್ಡವನಾಗಿದ್ದಕ್ಕೆ ಆಯ್ಕೆ, ಆಯ್ಕೆಯಾಗಿದ್ದಕ್ಕೆ ತಾಲೀಮು, ತಾಲೀಮಿನಿಂದ ನಿಜವಾದ ಶಕ್ತಿ. ಕೊನೆಗೆ ನೋಡುವವರಿಗೆ ಹುಟ್ಟುಪ್ರತಿಭೆಯಂತೆಯೇ ಕಾಣುತ್ತದೆ.

ನಮ್ಮಲ್ಲಿ ಬಸ್ಸೂ ಪ್ರತಿಭೆಯನ್ನು ನಿರ್ಧರಿಸುತ್ತದೆ. ಅದರಗುಂಚಿ, ಶಿರಗುಪ್ಪಿ, ಕುಂದಗೋಳ ಕಡೆಯಿಂದ ಪಾಸು ಹಿಡಿದು ಬರುವ ಹುಡುಗ ಸಂಜೆಯ ಬಸ್ಸು ತಪ್ಪಿಸಿಕೊಂಡರೆ ಊರು ಸೇರುವುದು ಕತ್ತಲಾದ ಮೇಲೆ. ಹುಡುಗಿಯರಿಗಂತೂ ಮನೆಯಲ್ಲಿ ನೀರು, ರೊಟ್ಟಿ, ತಮ್ಮ-ತಂಗಿ ಕಾದಿರುತ್ತಾರೆ. ಖೋ-ಖೋದಲ್ಲಿ ಕಂಬ ಸುತ್ತುವುದರಲ್ಲಿ ಬಸ್ಸಿನ ಹುಡುಗಿಯನ್ನು ಮೀರಿಸುವವರಿಲ್ಲದಿದ್ದರೂ ಸಂಜೆಯ ಅಭ್ಯಾಸಕ್ಕೆ ನಿಲ್ಲುವವಳು ಇನ್ನೊಬ್ಬಳು, ಶಾಲೆಯ ಹಿಂದಿನ ಓಣಿಯವಳು. ತಂಡದ ಪಟ್ಟಿಯಲ್ಲಿ ಬರುವುದು ಓಣಿಯವಳ ಹೆಸರು.

ಅದೃಷ್ಟ ಎಂದು ಒಪ್ಪಿದ ಮೇಲೆ ಮಾಸ್ತರ ಏನು ಮಾಡಬೇಕು? ಇಲ್ಲಿ ರಾಲ್ಸ್‌ಗಿಂತ ನಮ್ಮ ನೆಲದವರೇ ನನಗೆ ಹತ್ತಿರ. ಶರಣರ ಅಷ್ಟಾವರಣದಲ್ಲಿ ಗುರು ಮೊದಲು, ಲಿಂಗ ಆಮೇಲೆ. ಗುರುವಿನ ಕರುಣೆ ಗಳಿಸುವಂಥದ್ದಲ್ಲ, ಸಿಗುವಂಥದ್ದು. ಗೋವಿಂದಭಟ್ಟರು ಶಿಶುನಾಳದ ಶರೀಫರನ್ನು (1819–1889) ಶಿಷ್ಯನಾಗಿ ತೆಗೆದುಕೊಂಡದ್ದು ನಮ್ಮ ಸೀಮೆಯ ಭಜನೆ ಮೇಳಗಳಿಗೆಲ್ಲ ಗೊತ್ತು. ಜನಿವಾರವನ್ನೇ ಹಾಕಿದರು ಎಂದೂ ಜನ ಹೇಳುತ್ತಾರೆ. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ. ಕೃಪೆ ಎಂದರೆ ಇದು.

ಆದರೆ ದ್ರೋಣನೂ ಅರ್ಜುನನಿಗೆ ಕೃಪೆಯನ್ನೇ ತೋರಿದ್ದಲ್ಲವೇ? ನಿನ್ನ ಸಮಾನ ಬಿಲ್ಗಾರ ಇನ್ನೊಬ್ಬ ಇರದಂತೆ ಮಾಡುತ್ತೇನೆ ಎಂದು ಮಾತು ಕೊಟ್ಟಿದ್ದ. ಏಕಲವ್ಯ ಬಂದಾಗ ದ್ರೋಣನ ಪಟ್ಟಿ ಮೊದಲೇ ಮುಗಿದಿತ್ತು. ನಿಷಾದನೆಂದು ಕಲಿಸಲಿಲ್ಲ, ಆತ ತಾನೇ ಕಲಿತಾಗ ಹೆಬ್ಬೆರಳು ಕೇಳಿದ. ದ್ರೋಣನ ಸಂಕಟ ನನ್ನಂಥ ಸಂಬಳದ ಮಾಸ್ತರನಿಗೆ ತಿಳಿಯುತ್ತದೆ. ಹಾಲಿಲ್ಲದೆ ಮಗನಿಗೆ ಹಿಟ್ಟಿನ ನೀರು ಕುಡಿಸಿ, ಅರಮನೆಯ ಅನ್ನಕ್ಕೆ ಬಂದವನು. ಅರಮನೆಗೆ ಬೇಕಾದದ್ದು ಗೆಲ್ಲುವ ರಾಜಕುಮಾರ, ಆಡಳಿತ ಮಂಡಳಿಗೆ ಬೇಕಾದದ್ದು ಶೀಲ್ಡು. ಕುವೆಂಪು 'ಬೆರಳ್‌ಗೆ ಕೊರಳ್' ನಾಟಕದಲ್ಲಿ ಆ ಬೆರಳಿನ ಲೆಕ್ಕವನ್ನು ಗುರುವಿನ ಕೊರಳಿನ ತನಕ ಒಯ್ದರು. ನಮ್ಮ ಸರಕಾರಗಳು ಎರಡೂ ಕಡೆಯವರನ್ನು ಬಿಟ್ಟಿಲ್ಲ: ಕೇಂದ್ರ 1985ರಿಂದ ತರಬೇತುದಾರರಿಗೆ ದ್ರೋಣಾಚಾರ್ಯ ಪ್ರಶಸ್ತಿ ಕೊಡುತ್ತದೆ, ಕರ್ನಾಟಕ ತನ್ನ ಕ್ರೀಡಾಪಟುಗಳಿಗೆ ಏಕಲವ್ಯನ ಹೆಸರಿನಲ್ಲಿ ಕೊಡುತ್ತದೆ.

ಹಾಗಾದರೆ ಕೃಪೆಗೂ ಪಕ್ಷಪಾತಕ್ಕೂ ನಡುವಿನ ಗೆರೆ ಎಲ್ಲಿದೆ? ಶಿಷ್ಯನಿಂದ ಗುರುವಿಗೆ ಏನು ಸಿಕ್ಕಿತು ಎಂದು ಕೇಳಬೇಕು. ಶರೀಫರನ್ನು ತೆಗೆದುಕೊಂಡು ಗೋವಿಂದಭಟ್ಟರು ಗಳಿಸಿದ್ದು ತಮ್ಮವರ ಸಿಟ್ಟು. ಅರ್ಜುನನಿಂದ ದ್ರೋಣನಿಗೆ ಸಿಕ್ಕಿದ್ದು, ಅವಮಾನ ಮಾಡಿದ್ದ ದ್ರುಪದನ ಅರ್ಧ ರಾಜ್ಯ. ಚುರುಕು ಹುಡುಗನಿಗೆ ನಾನು ಕೊಟ್ಟ ಸಮಯ ಶೀಲ್ಡಿನ ರೂಪದಲ್ಲಿ ವಾಪಸು ಬರುತ್ತದೆ. ನೂಲ್ವಿಯ ಹುಡುಗನಿಗೆ ಕೊಟ್ಟದ್ದು ಬರುವುದಿಲ್ಲ. ಮಾಸ್ತರ ಗುರುವಾಗಿದ್ದಾನೋ ಇಲ್ಲವೋ ಎಂಬುದು ಆ ಎರಡನೆಯ ಲೆಕ್ಕದಲ್ಲೇ ಗೊತ್ತಾಗುವುದು.

ಈ ಮಾತಿಗೆ ಕೆಲವರು ತಲೆದೂಗಿ, "ಹೌದ್ರಿ, ಅಂಥವರೇ ಮುಂದ ತಡವಾಗಿ ಬೆಳದು ಛಲೋ ಆಡ್ತಾರ" ಎನ್ನುತ್ತಾರೆ. ನಿಜ, ಕೆಲವರು ಒಂಬತ್ತನೆಯದರಲ್ಲಿ ದಿಢೀರ್ ಎತ್ತರವಾಗುತ್ತಾರೆ. ಆದರೆ ಆ ಆಸೆಯಿಂದ ಕಲಿಸಿದರೆ ಅದೂ ಶೀಲ್ಡಿನ ಲೆಕ್ಕವೇ, ಗಡುವು ಮಾತ್ರ ದೂರ. ಎಂದಿಗೂ ಚೆನ್ನಾಗಿ ಆಡದ ಹುಡುಗನಿಗೂ ಒಂದು ಮೈ ಇದೆ. ಅರವತ್ತು ಎಪ್ಪತ್ತು ವರ್ಷ ಅದನ್ನೇ ಹೊತ್ತು ಬಾಳಬೇಕು. ಅದಕ್ಕೆ ಉಸಿರು ಹಿಡಿಯುವುದು, ಬೀಳುವುದು, ಬಿದ್ದು ಏಳುವುದು ಕಲಿಸಬೇಕು. ನಮ್ಮ ಕಡೆಯ ಗರಡಿಗಳ ವಸ್ತಾದರಿಗೆ ಇದು ತಿಳಿದಿತ್ತು. ಜಾತಿಯ ಗೆರೆ ಅಲ್ಲಿಯೂ ಇತ್ತು, ಸುಳ್ಳು ಹೇಳಬಾರದು. ಆದರೆ ಒಳಗೆ ಬಂದವನು ಜಾತ್ರೆಯ ಕುಸ್ತಿ ಗೆಲ್ಲುವ ಪೈಲ್ವಾನನಾಗಲಿ, ಗೆಲ್ಲುವ ಆಸೆಯೇ ಇಲ್ಲದ ನರಪೇತಲನಾಗಲಿ, ಇಬ್ಬರೂ ಹನುಮಪ್ಪನಿಗೆ ಕೈಮುಗಿದು ಅದೇ ಕೆಮ್ಮಣ್ಣಿನಲ್ಲಿ ಬಸ್ಕಿ ಹೊಡೆಯುತ್ತಿದ್ದರು.

ಈಗ ಹೊಸದಾಗಿ ಕೆಲಸಕ್ಕೆ ಸೇರಿದ ದೈಹಿಕ ಶಿಕ್ಷಕರು ಸಿಕ್ಕಾಗ ಒಂದೇ ಮಾತು ಹೇಳುತ್ತೇನೆ. ತಂಡ ಕಟ್ಟಿರಿ, ಪಂದ್ಯಕ್ಕೆ 12 ಜನರನ್ನೇ ಒಯ್ಯಿರಿ, ಅದರಲ್ಲಿ ಅನ್ಯಾಯವಿಲ್ಲ. ಆದರೆ ಎಂಟನೇ ಇಯತ್ತೆಯ ಪಿ.ಟಿ. ತಾಸನ್ನು ತಂಡದ ತಾಲೀಮಿಗೆ ಕದಿಯಬೇಡಿ. ಆ ತಾಸು 60 ಮಂದಿಯದು. ಬಸ್ಸಿನ ಮಕ್ಕಳಿಗೆ ಮಧ್ಯಾಹ್ನದ ಬಿಡುವಿನಲ್ಲಿ ಅಭ್ಯಾಸ ಇಡಿ. "ಶೀಲ್ಡ್ ಹೋಗ್ತೈತಲ್ರಿ ಸರ್" ಎಂದು ಅವರು ಕೇಳುತ್ತಾರೆ. ಕೆಲವು ವರ್ಷ ಹೋಗುತ್ತದೆ. ಗುರುವನ್ನು ಬ್ರಹ್ಮ-ವಿಷ್ಣುಗಳ ಸಾಲಿನಲ್ಲಿ ಕೂರಿಸುವ ಶ್ಲೋಕವನ್ನು ಗೋಡೆಗೆ ಬರೆಸಿದ ಶಾಲೆಗೆ ಅಷ್ಟು ಸೋಲು ತಾಳಿಕೊಳ್ಳುವ ಶಕ್ತಿ ಇರಬೇಕು.