ತುಷಕಂಡನದ ಕೂಲಿ

ಕಳೆದ ಬೇಸಗೆಯ ರಜೆಯಲ್ಲಿ ನನ್ನ ದೌಹಿತ್ರನು ನಮ್ಮಲ್ಲಿಗೆ ಬಂದಿದ್ದಾಗ ಒಂದು ಕಾಗದವನ್ನು ನನ್ನ ಮುಂದಿಟ್ಟನು. ಇಂಜಿನಿಯರಿಂಗ್ ಓದುತ್ತಿರುವ ಹುಡುಗ, ಬುದ್ಧಿವಂತ, ದುರಭ್ಯಾಸಗಳಿಲ್ಲದವನು. ಕಾಗದದಲ್ಲಿ ಒಂದು ಲೆಕ್ಕವಿದ್ದಿತು. ಒಮ್ಮೆ ಬಳಸಿದ ಪ್ರೊಸೆಸರ್, ಮದರ್‌ಬೋರ್ಡ್, ಮೆಮೊರಿ, ಪವರ್ ಸಪ್ಲೈ, ಎರಡು ಫ್ಯಾನು, ಹೀಗೆ ಬಿಡಿಬಿಡಿಯಾಗಿ ಕೊಂಡು ಕೈಯಾರೆ ಜೋಡಿಸಿದರೆ ಅರುವತ್ತು ಸಾವಿರ ರೂಪಾಯಿಗಳೊಳಗೆ ಒಂದು ಕಂಪ್ಯೂಟರ್ ಸಿದ್ಧವಾಗುವುದೆಂದೂ, ಅದನ್ನು ಹಗಲಿರುಳೂ ಓಡಿಸಿ 'ಮೊನೆರೊ' ಎಂಬ ಕ್ರಿಪ್ಟೊ ನಾಣ್ಯವನ್ನು ಗಣಿ ತೆಗೆದರೆ ದಿನಕ್ಕೆ ಸುಮಾರು ಮೂವತ್ತು ರೂಪಾಯಿ ಹುಟ್ಟುವುದೆಂದೂ ಬರೆದಿದ್ದನು. ಖರ್ಚಿನ ಅಂಕಣದಲ್ಲಿ ವಿದ್ಯುತ್ತಿನ ಎದುರಿಗೆ ಸೊನ್ನೆ ಹಾಕಿತ್ತು.

"ಇದೇನಪ್ಪ, ವಿದ್ಯುತ್ತಿಗೆ ಸೊನ್ನೆ?" ಎಂದು ಕೇಳಿದೆನು.

"ತಾತ, ಯಂತ್ರ ಇಲ್ಲೇ ನಿಮ್ಮ ಮನೆಯಲ್ಲಿರುತ್ತದೆ. ನಿಮಗೆ ಕರೆಂಟಿನ ಬಿಲ್ಲೇ ಬರುವುದಿಲ್ಲವಲ್ಲ!"

ಈ ಉದ್ಯಮದ ಆಲೋಚನೆ ತಂದೆಯನ್ನು ಬಿಟ್ಟು ನನ್ನನ್ನೇಕೆ ಹುಡುಕಿಕೊಂಡು ಬಂದಿತೆಂಬುದು ಆಗ ತಿಳಿಯಿತು. ವಾಚಕರು ಬಲ್ಲಂತೆ, 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಮನೆಬಳಕೆಯ ವಿದ್ಯುತ್ತು ತಿಂಗಳಿಗೆ 200 ಯೂನಿಟ್ಟುಗಳ ಮಿತಿಯೊಳಗೆ ಉಚಿತ. ನಮ್ಮದು ಇಬ್ಬರು ಮುದುಕರ ಮನೆ. ತಿಂಗಳಿಗೆ ಎಪ್ಪತ್ತು ಯೂನಿಟ್ಟು ಸುಟ್ಟರೆ ಹೆಚ್ಚು. ಮಿಕ್ಕದ್ದು ವ್ಯರ್ಥವಾಗಿ ಹೋಗುತ್ತಿದೆಯೆಂದು ಹುಡುಗನು ಭಾವಿಸಿದ್ದನು. ನಾನು ಆಗಲೆಂದೂ ಹೇಳಲಿಲ್ಲ, ಕೂಡದೆಂದೂ ಹೇಳಲಿಲ್ಲ. "ಮೊದಲು ಇದೇನೆಂದು ನನಗೆ ಪಾಠ ಹೇಳು" ಎಂದೆನು. ಮೂರು ದಿನ ಅವನು ಗುರು, ನಾನು ಶಿಷ್ಯ. ಆ ಪಾಠದ ಸಾರವನ್ನೂ, ಅದರಿಂದ ನನ್ನಲ್ಲಿ ಹುಟ್ಟಿ ಇನ್ನೂ ತೀರದಿರುವ ಒಂದು ಸಂದೇಹವನ್ನೂ ಇಲ್ಲಿ ನಿವೇದಿಸುತ್ತೇನೆ.

ಇಂತಹ ನಾಣ್ಯಗಳಲ್ಲಿ ಮೊದಲನೆಯದು ಬಿಟ್‌ಕಾಯಿನ್. 2008ರ ಅಕ್ಟೋಬರ್ 31ರಂದು ಸತೋಶಿ ನಕಮೊಟೊ ಎಂಬ ಹೆಸರಿನಿಂದ ಅದರ ಲಕ್ಷಣಗ್ರಂಥವು ಹೊರಬಂದಿತು. 2009ರ ಜನವರಿ 3ರಂದು ಲೆಕ್ಕದ ಮೊದಲ ಪುಟ ಬಿದ್ದಿತು. ಇದನ್ನು ಶಾನುಭೋಗನಿಲ್ಲದ ಊರಿನ ಕಡತವೆಂದು ತಿಳಿಯಬಹುದು. ಯಾರು ಯಾರಿಗೆ ಎಷ್ಟು ಕೊಟ್ಟರೆಂಬ ಲೆಕ್ಕದ ಪ್ರತಿ ಎಲ್ಲರ ಬಳಿಯಲ್ಲಿಯೂ ಇರುವುದು. ಹೀಗಿರುವಾಗ ಮುಂದಿನ ಪುಟವನ್ನು ಬರೆಯುವ ಅಧಿಕಾರ ಯಾರದು? ಪುಟದಲ್ಲಿರುವ ವಿಷಯದೊಡನೆ ಒಂದು ಸಂಖ್ಯೆಯನ್ನು ಬೆರಸಿ ನಿಯತವಾದ ಗಣಿತಕ್ರಿಯೆಯಲ್ಲಿ ಅರೆದರೆ ಬರುವ ಉತ್ತರವು ಇಷ್ಟು ಸೊನ್ನೆಗಳಿಂದ ಆರಂಭವಾಗಬೇಕೆಂದು ನಿಯಮವಿದೆ. ಅಂತಹ ಸಂಖ್ಯೆಯನ್ನು ಮೊದಲು ಹುಡುಕಿದವನೇ ಬರೆಯತಕ್ಕವನು. ಹುಡುಕುವುದಕ್ಕೆ ಯಾವ ಉಪಾಯವೂ ಇಲ್ಲ. ಒಂದಾದ ಮೇಲೊಂದನ್ನು ಹಾಕಿ ನೋಡುತ್ತ ಹೋಗಬೇಕು. ಗೆದ್ದವನಿಗೆ ಹೊಸ ನಾಣ್ಯಗಳು ಸಂಭಾವನೆ. ಆರಂಭದಲ್ಲಿ ಪುಟಕ್ಕೆ 50 ಇದ್ದುದು 2,10,000 ಪುಟಗಳಿಗೊಮ್ಮೆ ಅರ್ಧವಾಗುತ್ತ, 2012, 2016, 2020 ಮತ್ತು 2024ರಲ್ಲಿ ಇಳಿದು 3.125ಕ್ಕೆ ಬಂದಿದೆ. ಈ ಪ್ರಯಾಸಕ್ಕೆ 'ಪ್ರೂಫ್ ಆಫ್ ವರ್ಕ್' ಎಂದು ಹೆಸರು. ದುಡಿಮೆಯ ಸಾಕ್ಷ್ಯವೆಂದು ಹೇಳಬಹುದು.

ಮೊದಮೊದಲು ಮನೆಯ ಸಾಧಾರಣ ಕಂಪ್ಯೂಟರೇ ಇದಕ್ಕೆ ಸಾಕಾಗುತ್ತಿತ್ತು. 2010ರ ಮೇ 22ರಂದು ಫ್ಲಾರಿಡಾದಲ್ಲಿ ಒಬ್ಬನು ಎರಡು ಪಿಟ್ಜಾಗಳಿಗಾಗಿ ಹತ್ತು ಸಾವಿರ ಬಿಟ್‌ಕಾಯಿನ್‌ಗಳನ್ನು ಕೊಟ್ಟನಂತೆ, ಅಷ್ಟು ಅಗ್ಗವಾಗಿತ್ತು. ಆ ಬಳಿಕ ಗ್ರಾಫಿಕ್ಸ್ ಕಾರ್ಡುಗಳು ಬಂದುವು. 2013ರಿಂದೀಚೆಗೆ ಇದೊಂದನ್ನಲ್ಲದೆ ಮತ್ತೇನನ್ನೂ ಅರಿಯದ ಯಂತ್ರಗಳು ಬಂದುವು. 2024ರಲ್ಲಿ ಲೋಕದ ಗಣಿಗಳೆಲ್ಲ ಸೇರಿ ಸೆಕೆಂಡಿಗೆ ಐವತ್ತು ಕೋಟಿ ಕೋಟಿ ಲಕ್ಷಕ್ಕಿಂತ, ಎಂದರೆ 5ರ ಮುಂದೆ ಇಪ್ಪತ್ತು ಸೊನ್ನೆಗಳಿಗಿಂತ, ಹೆಚ್ಚು ಸಲ ಊಹಿಸುತ್ತಿದ್ದುವು. ಮನೆಯ ಯಂತ್ರವೊಂದು ಸೆಕೆಂಡಿಗೆ ನೂರು ಕೋಟಿ ಸಲ ಊಹಿಸಬಲ್ಲುದಾದರೂ, ಒಂದು ಪುಟವನ್ನು ಗೆಲ್ಲಲು ಸರಾಸರಿಯಲ್ಲಿ ತೊಂಬತ್ತು ಲಕ್ಷ ವರ್ಷಗಳಿಗೂ ಮೇಲಾಗುವುದೆಂದು ನಾವಿಬ್ಬರೂ ಕೂಡಿ ಲೆಕ್ಕಹಾಕಿದೆವು. ನಮ್ಮ ಪಂಚಾಂಗದ ಮಹಾಯುಗವೊಂದಕ್ಕೆ 43,20,000 ವರ್ಷ. ಎರಡು ಮಹಾಯುಗಗಳು ಕಳೆದರೂ ಸರದಿ ಬಾರದು! ಬಿಟ್‌ಕಾಯಿನ್ನನ್ನು ಹುಡುಗನು ಬಿಟ್ಟು ಮೊನೆರೊವನ್ನು ಹಿಡಿದುದು ಇದರಿಂದಲೇ. ಸಾಧಾರಣ ಪ್ರೊಸೆಸರಿಗೂ ಪಾಲು ದೊರೆಯಲೆಂದು ಅದರವರು 2019ರ ನವೆಂಬರಿನಲ್ಲಿ ತಮ್ಮ ಗಣಿತಕ್ರಿಯೆಯನ್ನೇ ಬದಲಿಸಿಕೊಂಡರು. ಬಡವರನ್ನು ಹೊರಗೆ ಹಾಕದ ಆ ಏರ್ಪಾಟನ್ನು ನಾನು ಮೆಚ್ಚಿದೆನು.

ಇನ್ನು ನನ್ನ ಸಂದೇಹ. ಪಾಠಶಾಲೆಯಲ್ಲಿ ಮೀಮಾಂಸೆಯನ್ನು ಓದುವಾಗ ಬತ್ತ ಕುಟ್ಟುವ ವಿಚಾರ ಬರುವುದುಂಟು. ಯಜ್ಞದಲ್ಲಿ ಬತ್ತವನ್ನು ಕುಟ್ಟಬೇಕೆಂದು ವಿಧಿಯಿದೆ, ಏತಕ್ಕೆ? ಹೊಟ್ಟು ಹೋಗಿ ಅಕ್ಕಿ ಬರಲೆಂದು. ಕಣ್ಣಿಗೆ ಕಾಣುವ ಫಲವಿರುವಾಗ ಕಾಣದ ಫಲವನ್ನು ಕಲ್ಪಿಸಬಾರದೆಂಬುದು ಮೀಮಾಂಸಕರ ಮರ್ಯಾದೆ. ಆಗ ಪೂರ್ವಪಕ್ಷಿಯು ಏಳುತ್ತಾನೆ: ಹೊಟ್ಟನ್ನು ಉಗುರಿನಿಂದಲೂ ಬಿಡಿಸಬಹುದಲ್ಲ, ಕುಟ್ಟಲೇಬೇಕೇಕೆ? ಇದಕ್ಕೆ ಅವರು ಕೊಡುವ ಸಮಾಧಾನವು ಬೇರೆ. ಆದರೆ ಹೊಟ್ಟನ್ನೇ ಒರಳಿಗೆ ಹಾಕಿ ಕುಟ್ಟುವವನಿಗೆ ಯಾವ ಶಾಸ್ತ್ರದಲ್ಲಿಯೂ ಸಮಾಧಾನವಿಲ್ಲ. ಅದನ್ನು ತುಷಕಂಡನವೆಂದು ಕರೆದು ನಗುವರು. ನನ್ನ ಮೊಮ್ಮಗನ ಯಂತ್ರವು ಕುಟ್ಟುವುದು ಬತ್ತವನ್ನೋ ಹೊಟ್ಟನ್ನೋ? ಹೊಟ್ಟಾದರೆ ಅದಕ್ಕೆ ಕೂಲಿ ಪಡೆಯುವುದು ನ್ಯಾಯವೋ?

ಹುಡುಗನ ಉತ್ತರವು ಚುರುಕಾಗಿತ್ತು. "ತಾತ, ರಾತ್ರಿಯೆಲ್ಲ ಎಚ್ಚರವಿರುವ ತಳವಾರನೂ ಏನನ್ನೂ ಬೆಳೆಯುವುದಿಲ್ಲ. ಈ ಯಂತ್ರಗಳು ಇಷ್ಟು ಶ್ರಮಪಡುವುದರಿಂದಲೇ ಕಳ್ಳಲೆಕ್ಕ ಬರೆಯುವವನಿಗೆ ಅದಕ್ಕಿಂತ ಹೆಚ್ಚು ಶ್ರಮ ಬೀಳುತ್ತದೆ. ಕಾವಲಿಗೆ ಕೂಲಿ ಇಲ್ಲವೇ?"

ಮಾತು ಸರಿಯಾದುದು, ನಾನು ಒಪ್ಪಿಕೊಂಡೆನು. ಲಕ್ಷಣಗ್ರಂಥದಲ್ಲಿಯೇ ಇದನ್ನು ಚಿನ್ನದ ಗಣಿಗೆ ಹೋಲಿಸಿರುವರು. ನಮ್ಮ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದುದು ಯಾರ ಮನೆಯ ದೀಪಕ್ಕೂ ಅಲ್ಲ. ತೊಂಬತ್ತು ಮೈಲಿಗೂ ಆಚೆ, ಕೋಲಾರದ ಚಿನ್ನದ ಗಣಿಗೆ. ಭೂಮಿಯ ಹೊಟ್ಟೆಯಿಂದ ತೆಗೆದ ಆ ಚಿನ್ನದಲ್ಲಿ ಎಷ್ಟೋ ಪಾಲು ಮತ್ತೆ ಕಬ್ಬಿಣದ ಪೆಟ್ಟಿಗೆಯ ಹೊಟ್ಟೆಯನ್ನೇ ಸೇರಿತು. 2001ರಲ್ಲಿ ಗಣಿ ಮುಚ್ಚಿದಾಗ ಉಳಿದುದು ಸಯನೈಡು ಮಣ್ಣಿನ ದಿಬ್ಬಗಳು. ಅದನ್ನು ಉದ್ಯೋಗವೆಂದು ಗೌರವಿಸಿ ಇದನ್ನು ಮಾತ್ರ ಹಳಿಯುವುದು ಪಕ್ಷಪಾತವಾದೀತು.

ಆದರೂ ತಳವಾರನ ಉಪಮಾನವನ್ನು ಪೂರ್ತಿಯಾಗಿ ಒಪ್ಪಲು ಎರಡು ತೊಡಕುಗಳುಂಟು. ಒಂದನ್ನು ಹುಡುಗನೇ ಪ್ರಸಂಗವಶಾತ್ ಹೇಳಿದನು. ಈಥೀರಿಯಂ ಎಂಬ ಮತ್ತೊಂದು ಕಡತವಿದೆ. ಗ್ರಾಫಿಕ್ಸ್ ಕಾರ್ಡುಗಳನ್ನು ಮನೆಯಲ್ಲಿ ಸಾಲಾಗಿ ನಿಲ್ಲಿಸಿ ಗಣಿ ತೆಗೆಯುತ್ತಿದ್ದವರಲ್ಲಿ ಬಹುಮಂದಿ ಕುಟ್ಟುತ್ತಿದ್ದುದು ಅದನ್ನೇ. 2021ರಲ್ಲಿ ಇವರಿಂದಾಗಿ ಆ ಕಾರ್ಡುಗಳಿಗೆ ಬರವೇ ಬಂದಿತ್ತು. 2022ರ ಸೆಪ್ಟೆಂಬರ್ 15ರಂದು ಆ ಕಡತದವರು ಕುಟ್ಟುವುದನ್ನು ಒಮ್ಮೆಗೇ ನಿಲ್ಲಿಸಿ, ನಾಣ್ಯವನ್ನು ಒತ್ತೆಯಿಟ್ಟವರು ಪುಟ ಬರೆಯಲೆಂದು ಏರ್ಪಡಿಸಿದರು. ವಿದ್ಯುತ್ತಿನ ಖರ್ಚು ನೂರಕ್ಕೆ ತೊಂಬತ್ತೊಂಬತ್ತಕ್ಕಿಂತಲೂ ಹೆಚ್ಚಾಗಿ ಇಳಿಯಿತು. ಲೆಕ್ಕ ಮಾತ್ರ ಮೊದಲಿನಂತೆಯೇ ನಡೆದಿದೆ. ಉಗುರಿನಿಂದಲೂ ಹೊಟ್ಟು ಬಿಟ್ಟಿತೆಂದಾಯಿತಲ್ಲವೆ? ಬೆವರುವವನ ಜಾಗದಲ್ಲಿ ಸಾಹುಕಾರನು ಬಂದು ಕುಳಿತನೆಂಬುದು ಬೇರೆ ಮಾತು, ಅದೂ ಚರ್ಚಿಸತಕ್ಕುದೇ. ಆದರೆ ಕುಟ್ಟದೆ ಗತಿಯಿಲ್ಲವೆಂಬ ವಾದವು ಅಂದಿನಿಂದ ಮೊದಲಿನ ಬಲವನ್ನು ಉಳಿಸಿಕೊಂಡಿಲ್ಲ.

ಎರಡನೆಯ ತೊಡಕು ಹೆಚ್ಚು ಆಳವಾದುದು. ಊರಿಗೆ ಇನ್ನೊಬ್ಬ ರೈತನು ಬಂದರೆ ಇನ್ನಷ್ಟು ರಾಗಿ ಬೆಳೆಯುವುದು. ಈ ಗಣಿಗೆ ಇನ್ನೊಬ್ಬನು ಬಂದರೆ ನಾಣ್ಯವು ಹೆಚ್ಚುವುದಿಲ್ಲ. ಕುಟ್ಟುವವರು ಹೆಚ್ಚಿದಷ್ಟೂ ಒರಳು ತಾನಾಗಿ ಗಟ್ಟಿಯಾಗುವಂತೆ ವಿಧಿಸಿರುವರು: ಬಿಟ್‌ಕಾಯಿನ್ನಿನಲ್ಲಿ 2016 ಪುಟಗಳಿಗೊಮ್ಮೆ, ಎಂದರೆ ಎರಡು ವಾರಗಳಿಗೊಮ್ಮೆ, ಮೊನೆರೊದಲ್ಲಿ ಪುಟಪುಟಕ್ಕೂ. ಬಿಟ್‌ಕಾಯಿನ್ನಿಗೆ ಹತ್ತು ನಿಮಿಷಕ್ಕೆ, ಮೊನೆರೊಗೆ ಎರಡು ನಿಮಿಷಕ್ಕೆ ಒಂದೇ ಪುಟ; ನೂರು ಜನರಿದ್ದರೂ ಅಷ್ಟೆ, ಕೋಟಿ ಜನರಿದ್ದರೂ ಅಷ್ಟೆ. ಹೀಗಾದುದರಿಂದ ಲಾಭವು ಉಳಿಯುವುದು ಎಲ್ಲರಿಗಿಂತ ಅಗ್ಗವಾದ ವಿದ್ಯುತ್ತನ್ನು ಪಡೆದವನಿಗೆ ಮಾತ್ರ. ಹೆಚ್ಚು ಶ್ರಮಪಟ್ಟವನಿಗಾಗಲಿ ಹೆಚ್ಚು ಬುದ್ಧಿಯುಳ್ಳವನಿಗಾಗಲಿ ಅದು ನಿಲ್ಲದು. ಎಲ್ಲಕ್ಕಿಂತ ಅಗ್ಗವಾದುದು ಯಾವುದು? ಮತ್ತೊಬ್ಬನು ಹಣ ತೆರುವ ವಿದ್ಯುತ್ತು.

ಇದು ನನ್ನ ಕಲ್ಪನೆಯಲ್ಲ. ನ್ಯೂಯಾರ್ಕ್ ಸಂಸ್ಥಾನದ ಪ್ಲಾಟ್ಸ್‌ಬರ್ಗ್ ಎಂಬ ಚಿಕ್ಕ ಪಟ್ಟಣಕ್ಕೆ ಜಲವಿದ್ಯುತ್ತು ಬಹು ಅಗ್ಗವಾಗಿ, ಗೊತ್ತಾದ ಪ್ರಮಾಣದಲ್ಲಿ ದೊರೆಯುತ್ತಿತ್ತು. ಅದನ್ನು ಕೇಳಿ ಗಣಿಯವರು ಅಲ್ಲಿಗೆ ನೆರೆದರು. ಚಳಿಗಾಲದಲ್ಲಿ ಪಟ್ಟಣವು ತನ್ನ ಪಾಲನ್ನು ಮೀರಿ ಪೇಟೆಯಿಂದ ದುಬಾರಿ ವಿದ್ಯುತ್ತನ್ನು ಕೊಳ್ಳಬೇಕಾಯಿತು; ಮನೆ ಕಾಯಿಸಿಕೊಳ್ಳುವ ಸಾಮಾನ್ಯರ ಬಿಲ್ಲು ಏರಿತು. 2018ರ ಮಾರ್ಚಿನಲ್ಲಿ ಪಟ್ಟಣದವರು ಹೊಸ ಗಣಿಗಳನ್ನು ಹದಿನೆಂಟು ತಿಂಗಳ ಕಾಲ ತಡೆಯಲು ನಿರ್ಣಯಿಸಿದರು. ಇನ್ನು ಮೊನೆರೊವಿನ ವಿಷಯದಲ್ಲಿ 2017ರಿಂದ 2019ರವರೆಗೆ ಕಾಯಿನ್‌ಹೈವ್ ಎಂಬ ಸಾಧನವೊಂದಿತ್ತು. ಜಾಲತಾಣವನ್ನು ನೋಡಲು ಬಂದವನ ಕಂಪ್ಯೂಟರಿನಲ್ಲಿ, ಎಷ್ಟೋ ವೇಳೆ ಅವನಿಗೆ ತಿಳಿಯದಂತೆಯೇ, ಅದು ಗಣಿ ತೆಗೆಯುತ್ತಿತ್ತು. ಹಾಗೆ ತೆಗೆಸಿಕೊಂಡವರ ಲೆಕ್ಕದಲ್ಲಿಯೂ ವಿದ್ಯುತ್ತಿನ ಎದುರಿಗೆ ಸೊನ್ನೆಯೇ ಇದ್ದಿರಬೇಕು.

ಆ ಸೊನ್ನೆಗೆ ಬದಲಾಗಿ ನಿಜವಾದ ಅಂಕಿಯನ್ನು ಬರೆಯಲು ಹುಡುಗನಿಗೆ ಹೇಳಿದೆನು. ಯಂತ್ರವು 150 ವಾಟಿನದು, ದಿನಕ್ಕೆ 3.6 ಯೂನಿಟ್ಟು, ತಿಂಗಳಿಗೆ 108. (ನನ್ನ ಜಪಮಾಲೆಯಲ್ಲಿಯೂ ಅಷ್ಟೇ ಮಣಿಗಳೆಂದು ಅವನು ನಕ್ಕನು.) ಯೂನಿಟ್ಟಿಗೆ ಏಳು ರೂಪಾಯಿಯೆಂದು ಹಿಡಿದರೆ ದಿನಕ್ಕೆ 25 ರೂಪಾಯಿ 20 ಪೈಸೆ. ಇದರ ಮೇಲೆ 2022ರ ಏಪ್ರಿಲ್‌ನಿಂದ ಇಂತಹ ನಾಣ್ಯದ ಮಾರಾಟದ ಆದಾಯಕ್ಕೆ ನೂರಕ್ಕೆ ಮೂವತ್ತರಂತೆ ತೆರಿಗೆ. ಗಣಿ ತೆಗೆಯಲು ಹೂಡಿದ ಸಾಧನಗಳ ವೆಚ್ಚವನ್ನು ಅದರಲ್ಲಿ ಕಳೆಯುವಂತಿಲ್ಲವೆಂದು ಸರಕಾರವು ಅದೇ ವರ್ಷ ಲೋಕಸಭೆಯಲ್ಲಿ ತಿಳಿಸಿತು. ಮೂವತ್ತು ರೂಪಾಯಿಯಲ್ಲಿ ಒಂಬತ್ತು ಹೀಗೆ ಹೋಯಿತು. ಉಳಿದುದು ದಿನಕ್ಕೆ ನಾಲ್ಕು ರೂಪಾಯಿಯ ನಷ್ಟ! ಸೊನ್ನೆಯನ್ನೇ ಉಳಿಸಿಕೊಂಡರೆ ದಿನಕ್ಕೆ ಇಪ್ಪತ್ತೊಂದು ಲಾಭ. ಹಾಕಿದ ಅರುವತ್ತು ಸಾವಿರ ಹಿಂದಿರುಗಲು ಎಂಟು ವರ್ಷಕ್ಕೆ ಕೊಂಚ ಕಡಮೆ. ಲಾಭವೆಂಬುದು ಸರ್ವಾಂಶದಲ್ಲಿಯೂ ಆ ಸೊನ್ನೆಯೊಳಗೇ ಅಡಗಿತ್ತು.

ಸೊನ್ನೆಯೂ ಸುಳ್ಳೆಂದು ಆಮೇಲೆ ತಿಳಿಯಿತು. ಗೃಹಜ್ಯೋತಿಯಲ್ಲಿ ಉಚಿತವಾದುದು ಮನೆಯ ಹಿಂದಿನ ವರ್ಷದ ಸರಾಸರಿಗೆ ನೂರಕ್ಕೆ ಹತ್ತನ್ನು ಕೂಡಿಸಿದಷ್ಟೇ. ನಮಗಾದರೆ 77 ಯೂನಿಟ್ಟು. ಅದಕ್ಕೆ ಮೇಲಿನ ಬಳಕೆಗೆ ಹಣ ತೆರಬೇಕು, 200 ಮೀರಿದರೆ ಪೂರ್ತಿ ಬಿಲ್ಲನ್ನೇ ತೆರಬೇಕು. ಆದರೆ ನಿಯಮವು ಸಡಿಲವಾಗಿದ್ದು 108 ಯೂನಿಟ್ಟೂ ಉಚಿತವಾಗಿಯೇ ದೊರೆತಿದ್ದರೆ ನನ್ನ ಮಾತು ಬದಲಾಗುತ್ತಿತ್ತೆ? ಇದನ್ನು ನಾನು ಬಹಳ ಯೋಚಿಸಿದೆನು. ಬಡವರ ಮನೆಯ ದೀಪಕ್ಕೆಂದು ಊರಿನವರೆಲ್ಲ ತೆತ್ತ ಹಣದಲ್ಲಿ ನನ್ನ ಪಾಲಿನ ಅನ್ನವನ್ನು ಉಣ್ಣುವುದು ಬೇರೆ, ಅದನ್ನು ಪೇಟೆಗೆ ಒಯ್ದು ಮಾರುವುದು ಬೇರೆ. ಧರ್ಮಶಾಸ್ತ್ರದವರು ಅರ್ಥಶೌಚವೆಂಬುದನ್ನು ಅಷ್ಟು ದೊಡ್ಡದಾಗಿ ಹೇಳುವುದು ಇಂತಹ ಕಡೆಗಾಗಿಯೇ ಇರಬೇಕು. ಇಲ್ಲಿ ಕಳ್ಳತನವಿಲ್ಲ, ಸುಳ್ಳು ಪತ್ರವಿಲ್ಲ, ಯಾರ ಕಣ್ಣೀರೂ ಕಾಣುವುದಿಲ್ಲ.

"ನೀವೂ ದಿನವೂ ಎಣಿಸುತ್ತೀರಿ, ತಾತ. ನಿಮ್ಮ ಜಪದಿಂದ ಏನು ಹುಟ್ಟುತ್ತದೆ?" ಎಂದು ಕೊನೆಗೆ ಕೇಳಿದನು. ಒಳಗಿನಿಂದ ನನ್ನಾಕೆ ಗದರಿದಳು. ನನಗೆ ಕೋಪ ಬರಲಿಲ್ಲ. ನಾನು ಜಪಮಾಡುವುದರಿಂದ ಪಕ್ಕದ ಮನೆಯವರ ಜಪದ ಫಲವು ಕುಗ್ಗುವುದಿಲ್ಲ, ಅದನ್ನು ನಾನು ಮಾರುವುದೂ ಇಲ್ಲ ಎಂದು ಉತ್ತರ ಕೊಟ್ಟೆನು. ಆದರೆ ಅವನು ಕೇಳದೆ ಬಿಟ್ಟ ಮತ್ತೊಂದು ಪ್ರಶ್ನೆಯು ಅಂದು ರಾತ್ರಿ ನನ್ನನ್ನು ಹಿಡಿಯಿತು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಮಕ್ಕಳಿಂದ ಶಬ್ದರೂಪಗಳನ್ನು ಗಟ್ಟಿಮಾಡಿಸಿದೆನು. ಅರ್ಥವಾಯಿತೆ ಎಂದು ಕೇಳಿದ ದಿನಗಳು ಕೆಲವೇ. ತನಿಖೆಯವರು ಬಂದಾಗ ತರಗತಿಯೆಲ್ಲ ಒಂದೇ ಕಂಠದಿಂದ ಒಪ್ಪಿಸಿತೆಂದರೆ ನನ್ನ ಸಂಬಳವು ಸಾರ್ಥಕವೆಂದು ತಿಳಿದಿದ್ದೆನು. ದುಡಿದುದಕ್ಕೆ ಸಾಕ್ಷ್ಯವಿತ್ತು. ಅಕ್ಕಿ ಎಷ್ಟು ಬಿತ್ತೆಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಆ ಸಂಬಳದ ಮೇಲೆ ನಿಂತ ನಿವೃತ್ತಿವೇತನದಿಂದಲೇ ಹುಡುಗನಿಗೆ ಹಣ ಕೊಡಬೇಕಾಗಿದ್ದುದು.

ಮೂವತ್ತು ಸಾವಿರ ಕೊಟ್ಟೆನು. ಯಂತ್ರವು ಅವನ ಓದಿಗೆ ಬೇಕಾದುದೇ; ಜೋಡಿಸುವುದರಲ್ಲಿ ಕಲಿಯುವುದೂ ಉಂಟು. ಉಳಿದುದನ್ನು ಅವನೇ ಹೊಂದಿಸಿಕೊಳ್ಳಬೇಕು, ಯಂತ್ರವು ಅವನ ತಂದೆಯ ಮನೆಯಲ್ಲಿರಬೇಕು, ಅಲ್ಲಿಯ ವಿದ್ಯುತ್ತಿನ ಬಿಲ್ಲನ್ನು ತಿಂಗಳು ತಿಂಗಳೂ ಅವನೇ ತನ್ನ ಕೈಯಿಂದ ಕಟ್ಟಿ ಬರಬೇಕು ಎಂಬಿಷ್ಟೇ ನನ್ನ ಕರಾರು. ಶ್ರಾವಣದಲ್ಲಿ ಮಗಳು ಬಂದಿದ್ದಳು. ಯಂತ್ರವು ಸಿದ್ಧವಾಯಿತಂತೆ, ಚೆನ್ನಾಗಿ ಓಡುತ್ತಿದೆಯಂತೆ. ರಾತ್ರಿಯ ಹೊತ್ತು ಆ ಕೋಣೆಯಿಂದ ಫ್ಯಾನಿನ ಸದ್ದು ಕೇಳಿಬರುತ್ತದೆಯೆ ಎಂದು ಅವಳನ್ನು ಕೇಳಬೇಕೆಂದಿದ್ದೆನು, ಕೇಳಲಿಲ್ಲ.